ಮೈಲುತುತ್ತದಿಂದ ವೋಲ್ಟಾಮೆಟ್ರಿಯವರೆಗೆ: ಎಲೆಕ್ಟ್ರೋಕೆಮಿಸ್ಟ್ರಿ ಲ್ಯಾಬಿನಲ್ಲಿ ವಿದ್ಯಾರ್ಥಿ ಸಂಶೋಧಕರನ್ನು ಬೆಳೆಸುವ ಬಗೆ

ಮುಂಗಾರಿಗೆ ಮುಂಚೆ ಕೊಡಗಿನ ತೋಟಗಳಲ್ಲಿ ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ತಯಾರಾಗುವುದನ್ನು ಇಲ್ಲಿಯವರೆಲ್ಲ ನೋಡಿರುತ್ತಾರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕುತ್ತಾರೆ. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪುಗಂದು ಬಣ್ಣ ಹತ್ತಿತೆಂದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಅಲಗು ಹಾಗೇ ಹೊಳೆಯುತ್ತಿದ್ದರೆ ಸಿಂಪಡಿಸಬಹುದು.

ನನ್ನ ಲ್ಯಾಬಿಗೆ ಬರುವ ಪ್ರತಿ ಹೊಸ ವಿದ್ಯಾರ್ಥಿಯಿಂದಲೂ ಮೊದಲ ದಿನ ಇದನ್ನೇ ಬೀಕರಿನಲ್ಲಿ ಮಾಡಿಸುತ್ತೇನೆ. ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ದ್ರಾವಣಕ್ಕೆ ಇಳಿಯುತ್ತದೆ, ತಾಮ್ರದ ಅಯಾನು ಅವನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಅಪ್ಪನ ಜೊತೆ ಡ್ರಮ್ಮಿನ ಪಕ್ಕ ನಿಂತು ಇದನ್ನು ಹತ್ತು ಸಲ ನೋಡಿದ ಹುಡುಗಿಗೆ, ತಾನು ನೋಡುತ್ತಿದ್ದದ್ದು ಎಲೆಕ್ಟ್ರೋಡ್ ಕ್ರಿಯೆ ಎಂದು ಯಾರೂ ಹೇಳಿರುವುದಿಲ್ಲ. ಅದು ಗೊತ್ತಾದ ಕ್ಷಣ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮಾರ್ಗದರ್ಶನ ಅಲ್ಲಿಂದ ಶುರುವಾಗಬೇಕೆಂದು ನಾನು ನಂಬುತ್ತೇನೆ.

ಈ ಬರಹ ಸಣ್ಣ ಊರಿನ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪ್ರಾಜೆಕ್ಟ್ ಮಾಡಿಸುವ ಅಧ್ಯಾಪಕರಿಗೆ ಮತ್ತು ಕಿರಿಯರಿಗೆ ಕೆಲಸ ಕಲಿಸುವ ಹಿರಿಯ ವಿದ್ಯಾರ್ಥಿಗಳಿಗೆ. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಜಿಲ್ಲೆಯದೇ ವಿಶ್ವವಿದ್ಯಾಲಯ ಶುರುವಾಯಿತು. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆಗಳಲ್ಲಿ ಕಾಲೇಜುಗಳಿವೆ. ಸಂಶೋಧನೆ ಎಂದರೆ ಬೆಂಗಳೂರಿಗೆ ಹೋಗಿ ಮಾಡುವ ಕೆಲಸ ಎಂದು ಮಕ್ಕಳು ಅಂದುಕೊಳ್ಳಬೇಕಾಗಿಲ್ಲ.

ಮೊದಲು ಬಿಡಿಸಬೇಕಾದ ಅಭ್ಯಾಸ

ಸಲಕರಣೆಯ ಕೊರತೆಗಿಂತ ದೊಡ್ಡ ತೊಡಕೊಂದಿದೆ. ಪಿ.ಯು.ಸಿ.ಯಿಂದ ಹಿಡಿದು ಪ್ರಾಯೋಗಿಕ ಪರೀಕ್ಷೆಯಲ್ಲಿ ಉತ್ತರ ಸರಿಯಾದ ಮೌಲ್ಯಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ. ಬ್ಯೂರೆಟ್ಟಿನಲ್ಲಿ ಏನು ಬಂದರೂ ಹಿರಿಯರ ರೆಕಾರ್ಡ್ ನೋಡಿ ಅಂಕಿ ಸರಿಪಡಿಸುವುದನ್ನು ಮಕ್ಕಳು ಕಲಿತೇ ಬಂದಿರುತ್ತಾರೆ. ಅದಕ್ಕಾಗಿ ರಫ್ ಪುಸ್ತಕ ಬೇರೆ, ಫೇರ್ ರೆಕಾರ್ಡ್ ಬೇರೆ. ಇದು ಅವರ ಅಪ್ರಾಮಾಣಿಕತೆಯಲ್ಲ. ನಾವು ಕಲಿಸಿದ ಪಾಠ. ಆದರೆ ಇದೇ ಮನಸ್ಸಿನಿಂದ ಪೊಟೆನ್ಶಿಯೋಸ್ಟಾಟ್ (ವೋಲ್ಟೇಜನ್ನು ಹಿಡಿತದಲ್ಲಿಟ್ಟು ಕರೆಂಟನ್ನು ರೇಖೆಯಾಗಿ ತೋರಿಸುವ ಉಪಕರಣ) ಮುಂದೆ ಕುಳಿತ ವಿದ್ಯಾರ್ಥಿ ಕೆಟ್ಟ ರೇಖೆಯನ್ನು ಅಳಿಸಿ ಹಾಕುತ್ತಾಳೆ, ಚೆಂದದ್ದೊಂದನ್ನು ಮಾತ್ರ ತಂದು ತೋರಿಸುತ್ತಾಳೆ. ಕೆಟ್ಟ ರೇಖೆಯಲ್ಲಿಯೇ ಸುದ್ದಿ ಇರುತ್ತದೆಂದು ಅವಳಿಗೆ ಗೊತ್ತಿರುವುದಿಲ್ಲ.

ಆದ್ದರಿಂದ ಮಾರ್ಗದರ್ಶಕರ ಮೊದಲ ಕೆಲಸ, ಕೆಟ್ಟ ರೇಖೆಯನ್ನು ಹೆದರದೆ ತಂದು ತೋರಿಸುವ ವಿದ್ಯಾರ್ಥಿಯನ್ನು ತಯಾರು ಮಾಡುವುದು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಅದಕ್ಕಾಗಿಯೇ ಇದೆ.

ಹೆಜ್ಜೆ 1: ಸೇರಿಸಿಕೊಳ್ಳುವಾಗ ಏನು ಕೇಳಬೇಕು

ಅಂಕಪಟ್ಟಿ ನೋಡಿ ಆರಿಸಬೇಡಿ. ಮೂರು ಪ್ರಶ್ನೆ ಸಾಕು. ಮನೆಯಲ್ಲಿ ಏನನ್ನಾದರೂ ಬಿಚ್ಚಿ ರಿಪೇರಿ ಮಾಡಿದ್ದೀಯಾ? ಒಂದು ಕೆಲಸ ಮೂರು ಸಲ ಕೆಟ್ಟಾಗ ಏನು ಮಾಡಿದೆ? ವಾರಕ್ಕೆ ಎಷ್ಟು ಹೊತ್ತು ನಿಜವಾಗಿ ಬರಬಲ್ಲೆ? ಮೂರನೆಯದಕ್ಕೆ ಬರುವ ಉತ್ತರವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಯೋಜನೆಯೆಲ್ಲ ಅದರ ಮೇಲೆ ನಿಲ್ಲುತ್ತದೆ.

ಇಬ್ಬರನ್ನು ಜೋಡಿಯಾಗಿ ಸೇರಿಸಿಕೊಳ್ಳುವುದು ಒಳ್ಳೆಯದು. ಒಬ್ಬಳೇ ಇದ್ದರೆ ಅನುಮಾನ ಬಂದಾಗ ಕೇಳಲು ನಾವೇ ಗತಿ, ನಮ್ಮನ್ನು ಕೇಳಲು ಅವಳಿಗೆ ಸಂಕೋಚ. ನಾಲ್ವರಾದರೆ ಇಬ್ಬರು ಬರೀ ನೋಡುತ್ತ ನಿಲ್ಲುತ್ತಾರೆ.

ಹೆಜ್ಜೆ 2: ಮೇಜು ಸಿದ್ಧಪಡಿಸುವುದು

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಪೊಟೆನ್ಶಿಯೋಸ್ಟಾಟ್, ಕ್ರಿಯೆ ನಡೆಯುವ 3 ಮಿ.ಮೀ. ವ್ಯಾಸದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್, ಬೆಳ್ಳಿ–ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್, ಪ್ಲಾಟಿನಂ ತಂತಿ, ಗಾಜಿನ ಸೆಲ್, ನೈಟ್ರೋಜನ್ ಸಿಲಿಂಡರ್, ಅಲ್ಯುಮಿನಾ ಪುಡಿ, ಪಾಲಿಶ್ ಬಟ್ಟೆ. ಪೊಟೆನ್ಶಿಯೋಸ್ಟಾಟ್ ಕೊಳ್ಳಲು ಹಣವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. 2011ರಲ್ಲಿ ಅಮೆರಿಕದ ಸಂಶೋಧಕರು ಚೀಪ್‌ಸ್ಟ್ಯಾಟ್ ಎಂಬ ಉಪಕರಣದ ಸರ್ಕ್ಯೂಟನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಬಿಡಿಭಾಗಗಳ ಬೆಲೆ ಆಗ 80 ಡಾಲರಿಗಿಂತ ಕಡಿಮೆ. ಎಲೆಕ್ಟ್ರಾನಿಕ್ಸ್ ವಿಭಾಗದ ಮಕ್ಕಳ ಜೊತೆ ಸೇರಿ ಅಂಥದೊಂದನ್ನು ಜೋಡಿಸುವುದೇ ಒಂದು ಸೆಮಿಸ್ಟರಿನ ಒಳ್ಳೆಯ ಕೆಲಸ. ಅದೂ ಆಗದಿದ್ದರೆ ಡೇನಿಯಲ್ ಕೋಶದಿಂದ ಶುರು ಮಾಡಿ. ಸತು, ತಾಮ್ರ, ಮೈಲುತುತ್ತ, ಒಂದು ಮಲ್ಟಿಮೀಟರ್: ಸುಮಾರು 1.1 ವೋಲ್ಟ್ ಬರಬೇಕು. ಬರದಿದ್ದರೆ ಏಕೆ ಎಂದು ಹುಡುಕುವುದೂ ಸಂಶೋಧನೆಯೇ.

ಮೂರು ಎಲೆಕ್ಟ್ರೋಡ್ ಏಕೆ ಎಂಬುದನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ಆದರೆ ಅರ್ಥವಾಗಿರುವುದಿಲ್ಲ. ನಾನು ಭಾಗಮಂಡಲದ ಮಾತು ಹೇಳುತ್ತೇನೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಸಂಗಮದ ನೀರು ಎಷ್ಟು ಏರಿತೆಂದು ತಿಳಿಯಬೇಕಾದರೆ ಕದಲದ ಒಂದು ಕಲ್ಲಿನ ಮೇಲೆ ಗುರುತು ಬೇಕು. ತೇಲುವ ಮರದ ದಿಮ್ಮಿಯ ಮೇಲೆ ಗುರುತು ಹಾಕಿದರೆ ಏನು ತಿಳಿದೀತು? ರೆಫರೆನ್ಸ್ ಎಲೆಕ್ಟ್ರೋಡ್ ಆ ಕಲ್ಲು. ಅದರ ಮೂಲಕ ಕರೆಂಟ್ ಹರಿಸಿದರೆ ಕಲ್ಲೇ ಕದಲುತ್ತದೆ. ಹಾಗಾಗಿ ಕರೆಂಟಿನ ಭಾರ ಹೊರಲು ಪ್ಲಾಟಿನಂ ತಂತಿ ಬೇರೆ ಇದೆ. ಇಷ್ಟು ಹೇಳಿದ ಮೇಲೆ ಯಾರೂ ರೆಫರೆನ್ಸ್ ಎಲೆಕ್ಟ್ರೋಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬಿಟ್ಟು ಮನೆಗೆ ಹೋಗುವುದಿಲ್ಲ. ಒಳಗಿರುವ ಪೊಟ್ಯಾಸಿಯಂ ಕ್ಲೋರೈಡಿನಷ್ಟೇ ಪ್ರಬಲವಾದ ದ್ರಾವಣದಲ್ಲಿ ಇಟ್ಟು ಹೋಗುತ್ತಾರೆ.

ನಮ್ಮ ಹವೆಗೆ ತಕ್ಕಂತೆ ಕೆಲವು ಎಚ್ಚರಿಕೆಗಳು. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಸಂತೃಪ್ತ ಪೊಟ್ಯಾಸಿಯಂ ಕ್ಲೋರೈಡ್ ಹರಳುಗಟ್ಟಿ ರೆಫರೆನ್ಸಿನ ತುದಿಯ ರಂಧ್ರಗಳನ್ನು ಮುಚ್ಚಬಹುದು. 3 ಮೋಲಾರ್ ದ್ರಾವಣ ತುಂಬಿದ ಎಲೆಕ್ಟ್ರೋಡ್ ಇಲ್ಲಿಗೆ ಹೆಚ್ಚು ಕ್ಷೇಮ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ, ಯು.ಪಿ.ಎಸ್. ಇದೆಯೆಂದು ನಂಬಿ ಕೂರಬೇಡಿ. ಅರ್ಥಿಂಗ್ ಸರಿ ಇಲ್ಲದ ಕಟ್ಟಡದಲ್ಲಿ ರೇಖೆಯ ಮೇಲೆ 50 ಹರ್ಟ್ಸ್‌ನ ನಡುಕ ಕಾಣುತ್ತದೆ. ಸೆಲ್ಲನ್ನು ಲೋಹದ ಜಾಲರಿಯ ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಯನ್ನು ಅರ್ಥ್‌ಗೆ ಜೋಡಿಸಿದರೆ ಬಹುಪಾಲು ಹೋಗುತ್ತದೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ: ಮೊಸಳೆ ಕ್ಲಿಪ್ಪುಗಳು ಕಿಲುಬು ಹಿಡಿಯುತ್ತವೆ, ಲವಣಗಳು ಗಟ್ಟಿ ಉಂಡೆಯಾಗುತ್ತವೆ. ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಗಳನ್ನು ಮೇ ತಿಂಗಳಲ್ಲೇ ಸಿದ್ಧ ಮಾಡಿಕೊಳ್ಳಿ.

ಹೆಜ್ಜೆ 3: ಸುರಕ್ಷತೆ

ಇದರಲ್ಲಿ ರಾಜಿ ಇಲ್ಲ. ಕನ್ನಡಕ, ಕೈಗವಸು, ಹತ್ತಿಯ ಕೋಟು. ಒಬ್ಬರೇ ಲ್ಯಾಬಿನಲ್ಲಿ ಕೆಲಸ ಮಾಡುವಂತಿಲ್ಲ. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಕಟ್ಟಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಪ್ರಯೋಗಕ್ಕೆ ಬಳಸುವ ಪೊಟ್ಯಾಸಿಯಂ ಫೆರಿಸಯನೈಡ್ ಇರುವ ತ್ಯಾಜ್ಯಕ್ಕೆ ಆಮ್ಲ ಬೆರೆಯಕೂಡದು. ಪ್ರಬಲ ಆಮ್ಲದ ಜೊತೆ, ಅದರಲ್ಲೂ ಬಿಸಿಯಾದರೆ, ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಹೊರಡಬಹುದು. ಎರಡು ಬೇರೆ ಬೇರೆ ಕ್ಯಾನುಗಳಿರಲಿ, ಅವುಗಳ ಮೇಲೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿರಲಿ. ತೊಳೆಯುವ ಸಹಾಯಕರಿಗೂ ಅದು ಓದಲು ಬರಬೇಕು.

ಹೆಜ್ಜೆ 4: ಮೊದಲ ತಿಂಗಳು, ಒಂದೇ ಪ್ರಯೋಗ

ಹೊಸಬರಿಗೆ ನೇರವಾಗಿ ಸಂಶೋಧನೆಯ ಪ್ರಶ್ನೆ ಕೊಡಬೇಡಿ. ಉತ್ತರ ಗೊತ್ತಿರುವ ಒಂದು ಪ್ರಯೋಗ ಕೊಟ್ಟು, ಅದು ಅವರ ಕೈಯಲ್ಲಿ ಪಳಗುವವರೆಗೆ ಕಾಯಿರಿ. 1 ಮಿಲಿಮೋಲಾರ್ ಫೆರಿಸಯನೈಡ್, ಅದಕ್ಕೆ 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಸೈಕ್ಲಿಕ್ ವೋಲ್ಟಾಮೆಟ್ರಿ. ವೋಲ್ಟೇಜನ್ನು ಒಂದು ದಿಕ್ಕಿಗೆ ಒಯ್ದು ಮತ್ತೆ ಹಿಂದಕ್ಕೆ ತರುವಾಗ ಕರೆಂಟ್ ಹೇಗೆ ಏರಿ ಇಳಿಯುತ್ತದೆಂದು ನೋಡುವ ವಿಧಾನ. ಬಾತುಕೋಳಿಯಂಥ ಆಕಾರದ ಆ ರೇಖೆಯನ್ನು ಪುಸ್ತಕದಲ್ಲಿ ಎಲ್ಲರೂ ನೋಡಿರುತ್ತಾರೆ.

ಪ್ರಯೋಗಕ್ಕೆ ಮುಂಚೆ ಲೆಕ್ಕ ಹಾಕಿಸಿ. ಶಿಖರದ ಕರೆಂಟನ್ನು ಲೆಕ್ಕ ಹಾಕುವ ರ‍್ಯಾಂಡಲ್ಸ್–ಸೆವ್‌ಚಿಕ್ ಸಮೀಕರಣದ ಪ್ರಕಾರ 3 ಮಿ.ಮೀ. ಎಲೆಕ್ಟ್ರೋಡಿಗೆ, ಸೆಕೆಂಡಿಗೆ 100 ಮಿಲಿವೋಲ್ಟ್ ವೇಗದಲ್ಲಿ, ರೇಖೆಯಲ್ಲಿ ಸುಮಾರು 16 ಮೈಕ್ರೋ ಆಂಪಿಯರ್ ಎತ್ತರದ ಶಿಖರ ಬರಬೇಕು. ವೇಗ ನಾಲ್ಕು ಪಟ್ಟಾದರೆ ಶಿಖರ ಎರಡು ಪಟ್ಟು ಮಾತ್ರ. ಹೋಗುವಾಗ ಒಂದು, ಮರಳುವಾಗ ಒಂದು ಬರುವ ಎರಡು ಶಿಖರಗಳ ನಡುವಿನ ಅಂತರ ಆದರ್ಶ ಸ್ಥಿತಿಯಲ್ಲಿ 59 ಮಿಲಿವೋಲ್ಟಿನ ಆಸುಪಾಸು; ಕೈಯಿಂದ ಪಾಲಿಶ್ ಮಾಡಿದ ಎಲೆಕ್ಟ್ರೋಡಿಗೆ 70ರಿಂದ 90 ಬಂದರೆ ಸಂತೋಷಪಡಬಹುದು.

ಸರಿಯಾದ ಅಂಕಿಯನ್ನು ಮೊದಲೇ ಹೇಳಿಕೊಟ್ಟರೆ ಹಳೆಯ ಚಾಳಿಯೇ ಮುಂದುವರಿಯುವುದಿಲ್ಲವೇ ಎಂದು ಒಬ್ಬ ಸಹೋದ್ಯೋಗಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ವ್ಯತ್ಯಾಸವಿರುವುದು ಅಂಕಿ ಹೊಂದದಿದ್ದಾಗ ನಾವು ಏನು ಕೇಳುತ್ತೇವೆ ಎಂಬುದರಲ್ಲಿ. ಪರೀಕ್ಷೆಯಲ್ಲಿ ಅಂಕ ಕಳೆಯುತ್ತೇವೆ. ಇಲ್ಲಿ “ಎಲ್ಲಿ ಹೋಯಿತು ಉಳಿದ ಕರೆಂಟ್?” ಎಂದು ಕೇಳಿ, ಅವಳ ಜೊತೆ ಹುಡುಕಲು ಕೂರುತ್ತೇವೆ.

ಈಗ ಪಾಲಿಶ್. ಇದನ್ನು ಅವಸರದಲ್ಲಿ ಕಲಿಸಬೇಡಿ, ನನ್ನ ಅನುಭವದಲ್ಲಿ ಅರ್ಧಕ್ಕರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. ಒದ್ದೆ ಬಟ್ಟೆಯ ಮೇಲೆ ಚಿಟಿಕೆ ಅಲ್ಯುಮಿನಾ, ನಾಲ್ಕು ಹನಿ ನೀರು. ಎಲೆಕ್ಟ್ರೋಡನ್ನು ನೆಟ್ಟಗೆ ಹಿಡಿದು ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸಬೇಕು. ಮೊದಲು 1 ಮೈಕ್ರಾನಿನ ಪುಡಿ, ಆಮೇಲೆ 0.3, ಕೊನೆಗೆ 0.05. ಪ್ರತಿ ಪುಡಿಗೂ ಬೇರೆ ಬಟ್ಟೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ದಪ್ಪ ಕಣ ನಯವಾದ ಬಟ್ಟೆಗೆ ಸೇರಿ ಎಲ್ಲ ಶ್ರಮ ನೀರುಪಾಲು. ಬಾಗಿಸಿ ಉಜ್ಜಿದರೆ ಅಂಚು ಸವೆದು ಗುಂಡಗಾಗುತ್ತದೆ. ಮುಗಿದ ಮೇಲೆ ಮುಖವನ್ನು ಮೇಲೆತ್ತಿ ಟ್ಯೂಬ್‌ಲೈಟಿಗೆ ಹಿಡಿಯಿರಿ. ದೀಪದ ಅಂಚು ಕರಿಯ ಮುಖದಲ್ಲಿ ಗೆರೆ ಎಳೆದಂತೆ ಚೂಪಾಗಿ ಕಾಣಬೇಕು. ಮಬ್ಬಾಗಿದ್ದರೆ ಮತ್ತೆ ಮೊದಲಿನಿಂದ.

ಇಲ್ಲಿ ಒಂದು ಮಧ್ಯಾಹ್ನದ ಸಂಗತಿ ಹೇಳಬೇಕು. ಜುಲೈ ತಿಂಗಳು, ಹೊರಗೆ ಬಿಡದ ಮಳೆ. ನಾಪೋಕ್ಲು ಕಡೆಯ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿ ಒಂದು ರೇಖೆ ತಂದು ತೋರಿಸಿದಳು. ಅಂತರ 95 ಮಿಲಿವೋಲ್ಟ್, ಪರವಾಗಿಲ್ಲ ಎನ್ನುವಂಥದ್ದು. ಆದರೆ ಫೈಲಿನ ಹೆಸರಿನ ಕೊನೆಯಲ್ಲಿ 12 ಎಂದಿತ್ತು. “ಉಳಿದ ಹನ್ನೊಂದು ಎಲ್ಲಿ?” ಎಂದೆ. ಅವಳು ತಲೆ ತಗ್ಗಿಸಿದಳು. ಅಳಿಸಿದ್ದಳು. ಕಂಪ್ಯೂಟರಿನ ಕಸದ ಬುಟ್ಟಿಯಿಂದ ಎಲ್ಲವನ್ನೂ ಹೊರತೆಗೆದು ಒಂದರ ಮೇಲೊಂದು ಇಟ್ಟು ನೋಡಿದರೆ ಹೆಚ್ಚಿನವುಗಳ ಅಂತರ 190ರಿಂದ 240. ಹನ್ನೆರಡನೆಯದು ಅದೃಷ್ಟದಿಂದ ಬಂದದ್ದು.

ಆಗ ನನ್ನ ಕೈ ತಾನಾಗಿಯೇ ಎಲೆಕ್ಟ್ರೋಡಿನ ಕಡೆ ಹೋಯಿತು. ನಾನೇ ಪಾಲಿಶ್ ಮಾಡಿ ಐದು ನಿಮಿಷದಲ್ಲಿ ಸರಿಪಡಿಸಬಹುದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡು ಪಕ್ಕದ ಸ್ಟೂಲಿನ ಮೇಲೆ ಕುಳಿತೆ. “ಒಂದೊಂದೇ ಬದಲಾಯಿಸುತ್ತಾ ಹೋಗೋಣ, ಒಂದು ಸಲಕ್ಕೆ ಒಂದೇ” ಎಂದೆ. ಅವಳು ರೆಫರೆನ್ಸ್ ಬದಲಾಯಿಸಿದಳು, ವ್ಯತ್ಯಾಸವಿಲ್ಲ. ಕ್ಲಿಪ್ಪು ಉಜ್ಜಿದಳು, ಇಲ್ಲ. ಹೊಸ ದ್ರಾವಣ ಮಾಡಿದಳು, ಇಲ್ಲ. ಸುಮಾರು ಎರಡು ಗಂಟೆ ಕಳೆದ ಮೇಲೆ ಪಾಲಿಶ್ ಬಟ್ಟೆಯನ್ನು ಮೂಗಿನ ಹತ್ತಿರ ತಂದು ನಿಂತಳು. “ಮೇಡಂ, ಇದು ಮಳೆಗಾಲದಲ್ಲಿ ಒಣಗದ ಬಟ್ಟೆಯ ವಾಸನೆ.” ಶುಕ್ರವಾರ ಒದ್ದೆಯಾಗಿಯೇ ಬಿಟ್ಟಿದ್ದ ಬಟ್ಟೆಗೆ ಸೋಮವಾರದ ಹೊತ್ತಿಗೆ ಬೂಷ್ಟು ಬಂದಿತ್ತು. ಪ್ರತಿ ಸಲ ಉಜ್ಜಿದಾಗಲೂ ಕಾರ್ಬನ್ನಿನ ಮೇಲೆ ತೆಳ್ಳನೆಯ ಕೊಳೆ ಬಳಿದಂತಾಗುತ್ತಿತ್ತು. ಹೊಸ ಬಟ್ಟೆ ಅಂಟಿಸಿ ಉಜ್ಜಿದಳು: 78 ಮಿಲಿವೋಲ್ಟ್. ಮತ್ತೆ ಉಜ್ಜಿ ಮತ್ತೆ ನೋಡಿದಳು: 76. ಮೂರನೆಯ ಸಲವೂ ಹಾಗೇ.

ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಒಣಹಾಕುವ ಮನೆಯಿಂದ ಬಂದವಳಿಗೆ ಆ ವಾಸನೆ ಗೊತ್ತಿತ್ತು. ಬಟ್ಟೆ ಒಣಗಿಸಿ ಇಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ಆ ತಪ್ಪು ನನ್ನದು. ಆ ದಿನದಿಂದ ನಮ್ಮ ಲ್ಯಾಬಿನಲ್ಲಿ ಎರಡು ನಿಯಮಗಳಿವೆ. ಯಾವ ಫೈಲನ್ನೂ ಅಳಿಸುವಂತಿಲ್ಲ. ಒಂದೇ ರೇಖೆಯನ್ನು ತಂದು ತೋರಿಸುವಂತಿಲ್ಲ. ಹೊಸದಾಗಿ ಪಾಲಿಶ್ ಮಾಡಿ ತೆಗೆದ ಮೂರು ರೇಖೆ ಬೇಕು.

ತೊಂದರೆ ಹುಡುಕುವಾಗ ಬೇರೆ ಲಕ್ಷಣಗಳೂ ಗೊತ್ತಿರಲಿ. ಅಂತರ ಸರಿಯಿದ್ದು ಕರೆಂಟ್ ಮಾತ್ರ ಕಡಿಮೆಯಾದರೆ ಎಲೆಕ್ಟ್ರೋಡಿನ ಮುಖಕ್ಕೆ ಗಾಳಿಗುಳ್ಳೆ ಅಂಟಿದೆಯೇ ನೋಡಿ, ಬೆರಳಿನಿಂದ ಮೆಲ್ಲನೆ ತಟ್ಟಿದರೆ ಏಳುತ್ತದೆ. ರೇಖೆಯಿಡೀ ಎಡಕ್ಕೋ ಬಲಕ್ಕೋ ಸರಿದಿದ್ದರೆ ರೆಫರೆನ್ಸಿನ ಮೇಲೆ ಅನುಮಾನಪಡಿ. ಋಣ ವೋಲ್ಟೇಜಿನ ಕಡೆ ಬೇಡದ ಏರು ಕಂಡರೆ ಕರಗಿದ ಆಮ್ಲಜನಕ. ನೈಟ್ರೋಜನ್ 10–15 ನಿಮಿಷ ಹಾಯಿಸಿ. ಏನೂ ಹೊಂದದಿದ್ದರೆ ತೂಕ ಮಾಡಿದ ಚೀಟಿ ತೆಗೆದು ದ್ರಾವಣದ ಲೆಕ್ಕ ಮತ್ತೆ ಮಾಡಿಸಿ.

ಹೆಜ್ಜೆ 5: ಒಂದೇ ಪುಸ್ತಕ

ರಫ್ ಮತ್ತು ಫೇರ್ ಎಂಬ ಭೇದವನ್ನು ಮೊದಲ ವಾರವೇ ತೆಗೆದುಹಾಕಿ. ಪುಟಸಂಖ್ಯೆ ಇರುವ, ರಟ್ಟು ಹಾಕಿದ ಒಂದೇ ಪುಸ್ತಕ. ಶಾಯಿಯಲ್ಲಿ ಬರೆಯಬೇಕು, ತಪ್ಪಾದರೆ ಓದಲು ಬರುವಂತೆ ಒಂದು ಗೆರೆ ಎಳೆಯಬೇಕು, ಬಿಳಿ ಬಣ್ಣ ಬಳಿಯಬಾರದು. ದಿನಾಂಕ, ಕೋಣೆಯ ಉಷ್ಣತೆ, ಮಳೆಯೋ ಬಿಸಿಲೋ, ಎಲೆಕ್ಟ್ರೋಡಿನ ಸಂಖ್ಯೆ, ಯಾವ ರೆಫರೆನ್ಸ್, ದ್ರಾವಣ ಯಾವತ್ತಿನದು, ಫೈಲಿನ ಹೆಸರು. ಉಷ್ಣತೆ ಏಕೆಂದರೆ 59 ಎಂಬ ಅಂಕಿ 25 ಡಿಗ್ರಿಗೆ ಸೇರಿದ್ದು. 15 ಡಿಗ್ರಿಯ ಬೆಳಗಿನಲ್ಲಿ ಅದು 57ಕ್ಕೆ ಇಳಿಯುತ್ತದೆ, ಅಯಾನುಗಳು ಚಲಿಸುವ ವೇಗವೂ ತಗ್ಗಿ ಕರೆಂಟ್ ಕಡಿಮೆಯಾಗುತ್ತದೆ.

ಎಲೆಕ್ಟ್ರೋಕೆಮಿಸ್ಟ್ರಿಗೆ ಬುನಾದಿ ಹಾಕಿದ ವಿಜ್ಞಾನಿ ಮೈಕೆಲ್ ಫ್ಯಾರಡೆ ತನ್ನ ದಿನಚರಿಯ ಪ್ಯಾರಾಗಳಿಗೆ ಸಂಖ್ಯೆ ಹಾಕುತ್ತ ಹೋದ. ಕೊನೆಗೆ ಅದು 16 ಸಾವಿರ ದಾಟಿತ್ತು. ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ನಂಟಿದೆಯೇ ಎಂದು ಹುಡುಕಿ ಏನೂ ಸಿಗದೆ ಹೋದದ್ದನ್ನೂ ಬರೆದಿಟ್ಟ. ಇದನ್ನು ಮಕ್ಕಳಿಗೆ ಹೇಳಿ. ಬುಕ್‌ಬೈಂಡರ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೇ ‘ಎಲೆಕ್ಟ್ರೋಡ್’, ‘ಎಲೆಕ್ಟ್ರೋಲೈಟ್’ ಎಂಬ ಮಾತುಗಳನ್ನು 1834ರಲ್ಲಿ ಬಳಕೆಗೆ ತಂದವನು, ಅದೂ ಗ್ರೀಕ್ ಬಲ್ಲ ವಿದ್ವಾಂಸರನ್ನು ಕೇಳಿ ತಿಳಿದುಕೊಂಡು. ಗೊತ್ತಿಲ್ಲದ್ದನ್ನು ಕೇಳುವುದರಲ್ಲಿ ಅವಮಾನವಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಭಾಷೆಯ ಬಗ್ಗೆಯೂ ಒಂದು ಮಾತು. ಪುಸ್ತಕವನ್ನು ಕನ್ನಡದಲ್ಲಿ ಬರೆಯಲು ಬಿಡಿ. ನಮ್ಮ ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವ ಹೀಗೆ ಹತ್ತಾರು. ಇಂಗ್ಲಿಷಿನಲ್ಲಿ ಬರೆಯಬೇಕೆಂದರೆ ಪುಸ್ತಕದ ವಾಕ್ಯವನ್ನೇ ನಕಲು ಮಾಡುತ್ತಾರೆ, ಕಂಡದ್ದು ಬಿಟ್ಟುಹೋಗುತ್ತದೆ. ವರದಿಯ ಇಂಗ್ಲಿಷನ್ನು ಆಮೇಲೆ ಕೂತು ತಿದ್ದಬಹುದು.

ಹೆಜ್ಜೆ 6: ಅವರದೇ ಒಂದು ಪ್ರಶ್ನೆ

ಮೊದಲ ಪ್ರಯೋಗ ಪಳಗಿದ ಮೇಲೆ ಪ್ರಶ್ನೆ. ಅದು ಚಿಕ್ಕದಾಗಿರಲಿ, ಒಂದು ಸೆಮಿಸ್ಟರಿನಲ್ಲಿ ಹೌದೋ ಅಲ್ಲವೋ ತಿಳಿಯುವಂತಿರಲಿ. “ಕಾವೇರಿಯ ಮಾಲಿನ್ಯ” ಪ್ರಶ್ನೆಯಲ್ಲ, ಅದು ತಲೆಬರಹ. “ಸುಣ್ಣ ಹೆಚ್ಚಿಸುತ್ತ ಹೋದಂತೆ ಬೋರ್ಡೋ ದ್ರಾವಣದ ತಿಳಿನೀರಿನಲ್ಲಿ ಕರಗಿ ಉಳಿಯುವ ತಾಮ್ರ ಎಷ್ಟು? ಕತ್ತಿಯ ಪರೀಕ್ಷೆ ಯಾವ ಮಟ್ಟದ ತಾಮ್ರವನ್ನು ಹಿಡಿಯುತ್ತದೆ?” ಇದು ಪ್ರಶ್ನೆ. ಮೊದಲ ದಿನ ಬೀಕರಿನಲ್ಲಿ ನೋಡಿದ್ದಕ್ಕೆ ಈಗ ಅಂಕಿ ಕೊಡುವ ಕೆಲಸ.

ಇದಕ್ಕೆ ಆನೋಡಿಕ್ ಸ್ಟ್ರಿಪ್ಪಿಂಗ್ ವೋಲ್ಟಾಮೆಟ್ರಿ ಹೊಂದುತ್ತದೆ. ಸುಮಾರು 4.5 ಪಿ.ಎಚ್. ಇರುವ ಅಸಿಟೇಟ್ ಬಫರಿನಲ್ಲಿ (ಪಿ.ಎಚ್. ಬದಲಾಗದಂತೆ ಹಿಡಿಯುವ ದ್ರಾವಣ) ಮಾದರಿ ಬೆರೆಸಿ, ಮೈನಸ್ 0.5 ವೋಲ್ಟಿನಲ್ಲಿ ಕಲಕುತ್ತ 120 ಸೆಕೆಂಡ್ ಹಿಡಿದರೆ ತಾಮ್ರ ಎಲೆಕ್ಟ್ರೋಡಿನ ಮೇಲೆ ಶೇಖರವಾಗುತ್ತದೆ. ಕಲಕುವುದನ್ನು ನಿಲ್ಲಿಸಿ, ಸ್ವಲ್ಪ ತಡೆದು, ವೋಲ್ಟೇಜನ್ನು ಧನ ಕಡೆಗೆ ಒಯ್ದರೆ ಸೊನ್ನೆಯ ಆಸುಪಾಸಿನಲ್ಲಿ ತಾಮ್ರ ಕಳಚಿಕೊಂಡು ಹೋಗುವ ಶಿಖರ ಕಾಣುತ್ತದೆ. ಅಲಗಿನ ಮೇಲೆ ಹತ್ತಿಸುವುದು, ಮತ್ತೆ ಬಿಡಿಸುವುದು, ಬಿಡಿಸುವಾಗ ಎಣಿಸುವುದು.

ಕಡಿಮೆ ಪ್ರಮಾಣ ಅಳೆಯುವಾಗ ಖಾಲಿ ಪರೀಕ್ಷೆ (ಮಾದರಿ ಹಾಕದೆ ಮಾಡುವ ಅಳತೆ) ದೇವರಿದ್ದ ಹಾಗೆ. ಪಾತ್ರೆಗಳನ್ನು ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯಬೇಕು. ಮಾದರಿ ಇಲ್ಲದ ಬಫರಿನಲ್ಲೇ ತಾಮ್ರ ಕಂಡರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಮಾದರಿಗೆ ಗೊತ್ತಿರುವ ಪ್ರಮಾಣದ ತಾಮ್ರವನ್ನು ಮೂರು ಸಲ ಸೇರಿಸಿ, ಶಿಖರ ಏರಿದ ಲೆಕ್ಕದಿಂದ ಮೂಲ ಪ್ರಮಾಣ ಕಂಡುಹಿಡಿಯುವುದನ್ನು ಕಲಿಸಿ. ಮುಂದೆ ತೋಟದ ಕೆಳಗಿನ ತೋಡಿನ ನೀರನ್ನೂ ನೋಡಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಯಾರ ತೋಟದ ನೀರು ಎಂಬುದನ್ನು ಮಾತ್ರ ವರದಿಯಲ್ಲಿ ಹೇಳಬೇಡಿ; ನೆರೆಹೊರೆಯಲ್ಲಿ ಅದು ಬೇರೆಯದೇ ಅರ್ಥ ಪಡೆಯುತ್ತದೆ. ಮಾದರಿ ತೆಗೆಯುವ ಮೊದಲು ತೋಟದವರ ಒಪ್ಪಿಗೆ ಕೇಳುವುದನ್ನೂ ವಿದ್ಯಾರ್ಥಿಗೆ ಕಲಿಸಿ, ಮುಗಿದ ಮೇಲೆ ಫಲಿತಾಂಶವನ್ನು ಅವರಿಗೇ ಮೊದಲು ಒಪ್ಪಿಸಲಿ.

ಹೆಜ್ಜೆ 7: ಕ್ಯಾಲೆಂಡರ್

ನಗರದ ಗೈಡ್‌ಗಳಿಗೆ ಇದು ಹೊಳೆಯುವುದಿಲ್ಲ. ನಮ್ಮಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಶುರು. ಡಿಸೆಂಬರಿನಿಂದ ಫೆಬ್ರವರಿವರೆಗೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯೂ ಬೇಕು. ಕೂಲಿ ಮಾಡುವವರ ಮಕ್ಕಳಿಗಂತೂ ಅದು ವರ್ಷದ ಸಂಪಾದನೆಯ ಕಾಲ. ಆ ದಿನಗಳಿಗೆ ಓದುವುದು, ಲೆಕ್ಕ, ಗ್ರಾಫ್ ಇಟ್ಟುಕೊಳ್ಳಿ. ಮೇಜಿನ ಕೆಲಸವನ್ನು ಆಗಸ್ಟ್‌ನಿಂದ ನವೆಂಬರ್‌ಗೆ ಹಾಕಿ. ಪುತ್ತರಿ ಹಬ್ಬದ ವಾರದಲ್ಲಿ ಗಡುವು ಇಡಬೇಡಿ. ದಿನದ ಕೆಲಸವನ್ನು ಮೂರು ಗಂಟೆಯ ತುಂಡುಗಳಾಗಿ ಕತ್ತರಿಸಿ, ಕೊನೆಯ ಬಸ್ಸಿಗೆ ಅರ್ಧ ಗಂಟೆ ಮೊದಲು ಲ್ಯಾಬ್ ಮುಚ್ಚಿ. ಬಸ್ ತಪ್ಪಿಸಿಕೊಂಡ ಹೆಣ್ಣುಮಗಳನ್ನು ಮನೆಯವರು ಮರುದಿನ ಲ್ಯಾಬಿಗೆ ಕಳಿಸುವುದಿಲ್ಲ. ಮನೆಯವರನ್ನು ಒಂದು ಸಲ ಕರೆದು ಮೇಜು ತೋರಿಸಿ. ಮಗಳು ತಾಮ್ರದ ಶಿಖರ ತೋರಿಸುವಾಗ ಅಪ್ಪ ಕತ್ತಿಯ ಮಾತು ತೆಗೆದೇ ತೆಗೆಯುತ್ತಾರೆ, ಆಮೇಲೆ ಬಸ್ಸಿನ ಚಿಂತೆಯೂ ಅರ್ಧ ಕಡಿಮೆಯಾಗುತ್ತದೆ.

ಹೆಜ್ಜೆ 8: ವಾರದ ಭೇಟಿ ಮತ್ತು ಹೆಸರಿನ ಹಂಚಿಕೆ

ವಾರಕ್ಕೆ ಒಂದು ಸಲ, 40 ನಿಮಿಷ, ಕಾಫಿಯ ಜೊತೆ, ಲ್ಯಾಬಿನ ಹೊರಗೆ. ಮೊದಲು ಆ ವಾರದ ಅತಿ ಕೆಟ್ಟ ರೇಖೆ. ನಾನೂ ನನ್ನದೊಂದನ್ನು ಇಡುತ್ತೇನೆ. “ಏಕೆ ಹೀಗಾಯಿತು?” ಎಂದು ಕೇಳುವಾಗ ಧ್ವನಿ ಮುಖ್ಯ, ನಮ್ಮ ಮಕ್ಕಳಿಗೆ ಆ ಮಾತು ಗದರಿಕೆಯಾಗಿಯೇ ಕೇಳಿ ಅಭ್ಯಾಸ. “ನಿನಗೆ ಏನನ್ನಿಸುತ್ತದೆ?” ಎಂದು ಕೇಳಿ, ಆಮೇಲೆ ಸುಮ್ಮನಿರಿ. ಮೌನ ಹತ್ತು ಸೆಕೆಂಡ್ ಮೀರಿದರೂ ತುಂಬಲು ಹೋಗಬೇಡಿ.

ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಬರುತ್ತದೆಂದು ಕೆಲಸ ಶುರುವಾಗುವ ಮೊದಲೇ ಬರೆದಿಡಿ. ನಾನು ವಿದ್ಯಾರ್ಥಿನಿಯಾಗಿದ್ದಾಗ ಎಂಟು ತಿಂಗಳು ದುಡಿದ ಒಂದು ಕೆಲಸ ನನ್ನ ಹೆಸರಿಲ್ಲದೆ ಅಚ್ಚಾಯಿತು. ಕೇಳುವ ಧೈರ್ಯವಿರಲಿಲ್ಲ. ಆ ನೋವು ಇನ್ನೊಬ್ಬರಿಗೆ ಬರಬಾರದು. ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1813ರಲ್ಲಿ ಫ್ಯಾರಡೆಗೆ ಕೆಲಸ ಕೊಟ್ಟು ಬೆಳೆಸಿದ. 1824ರಲ್ಲಿ ಅದೇ ಫ್ಯಾರಡೆ ರಾಯಲ್ ಸೊಸೈಟಿಗೆ ಆಯ್ಕೆಯಾಗುವಾಗ ವಿರೋಧಿಸಿದ. ಶಿಷ್ಯ ತನ್ನನ್ನು ಮೀರುವ ಹೊತ್ತು ಪ್ರತಿ ಗುರುವಿಗೂ ಬರುತ್ತದೆ, ಆಗ ಹೇಗೆ ನಡೆದುಕೊಳ್ಳುತ್ತೇವೆ ಎಂಬುದಕ್ಕೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಬೇಕು.

ಹೆಜ್ಜೆ 9: ಹೊರಗೆ ಕಳಿಸುವುದು, ಕೈ ಬದಲಾಯಿಸುವುದು

ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ನಡೆಸುತ್ತವೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಅಂಥದ್ದಿದೆ. ತಮಿಳುನಾಡಿನ ಕಾರೈಕುಡಿಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿಗೆಂದೇ ಕೇಂದ್ರೀಯ ಸಂಶೋಧನಾ ಸಂಸ್ಥೆಯಿದೆ. ಶಿಫಾರಸು ಪತ್ರದಲ್ಲಿ “ಶ್ರದ್ಧೆಯುಳ್ಳ ವಿದ್ಯಾರ್ಥಿನಿ” ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಬೂಷ್ಟು ಹಿಡಿದ ಬಟ್ಟೆಯನ್ನು ಅವಳು ಹೇಗೆ ಪತ್ತೆ ಮಾಡಿದಳು ಎಂದು ನಾಲ್ಕು ವಾಕ್ಯ ಬರೆಯಿರಿ.

ಹೋಗುವ ಮುನ್ನ ಅವಳ ಪುಸ್ತಕ ಲ್ಯಾಬಿನಲ್ಲೇ ಉಳಿಯಬೇಕು, ಪ್ರತಿ ಅವಳ ಬಳಿ ಇರಲಿ. ಫಲಿಸದೆ ಹೋದ ಪ್ರಯತ್ನಗಳದ್ದೊಂದು ಪಟ್ಟಿಯನ್ನು ಕೊನೆಯ ಪುಟದಲ್ಲಿ ಬರೆಯಿಸಿ. ಆಮೇಲೆ ಹೊಸ ಕಿರಿಯನೊಬ್ಬನನ್ನು ಫೆರಿಸಯನೈಡ್ ಮುಂದೆ ಕೂರಿಸಿ, ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ. ಎಲೆಕ್ಟ್ರೋಡಿಗೆ ಅವಳು ಕೈ ಹಾಕುವಂತಿಲ್ಲ. ಅವನು ತಪ್ಪಲಿ, ಅವಳು ಕಾಯಲಿ. ಸಂಜೆ ಮುಗಿಯುವಾಗ ಪಾಲಿಶ್ ಬಟ್ಟೆಯನ್ನು ತೊಳೆದು, ಒಣಗಿಸಿ, ಸಿಲಿಕಾ ಜೆಲ್ಲಿನ ಡಬ್ಬಿಗೆ ಹಾಕುವುದನ್ನು ಮಾತ್ರ ಅವಳೇ ಅವನಿಗೆ ತೋರಿಸಿಕೊಡಲಿ.